ಪರ್ಯಾಯ ಮಾರ್ಗ ಬಳಸಿರಿ

ಚಿಕ್ಕೋಡಿ ಸೀಮೆಯವರಿಗೆ 'ಪರ್ಯಾಯ' ಎಂಬ ಶಬ್ದದ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ವರ್ಷವರ್ಷವೂ ಆಷಾಢದಲ್ಲಿ ಅದನ್ನು ತಗಡಿನ ಬೋರ್ಡಿನ ಮೇಲೆ ಓದುತ್ತೇವೆ. ಅತ್ತ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜಡಿದರೆ ಇತ್ತ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂವರೂ ಮೈದುಂಬಿ ಬಂದು ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭೀವಶಿ ಅಂತ ತಗ್ಗಿನ ಸೇತುವೆಗಳನ್ನು ಒಂದೊಂದಾಗಿ ನುಂಗುತ್ತಾರೆ. ಪೊಲೀಸರು ಎರಡು ಬ್ಯಾರಿಕೇಡ್ ಅಡ್ಡ ನಿಲ್ಲಿಸಿ 'ಪರ್ಯಾಯ ಮಾರ್ಗ ಬಳಸಿರಿ' ಎಂದು ಬೋರ್ಡು ಕಟ್ಟುತ್ತಾರೆ. ಎದುರಿಗೆ ಕಾಣುವ ಊರಿಗೆ ಅರ್ಧ ತಾಲೂಕು ಸುತ್ತಿ ಹೋಗುವುದಕ್ಕೆ ಪರ್ಯಾಯ ಎನ್ನುತ್ತಾರೆ. ಅಷ್ಟೇ.

ಆದ್ದರಿಂದ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಒಂದು ದಿನ ಫೋನ್ ಮಾಡಿ, "ಮಾಮಾ, ನೀವು ಅಲ್ಟರ್ನೇಟಿವ್ ರಾಕ್ ಕೇಳೀರೇನ್ರಿ?" ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಅದೇ ತಗಡು. ರಾಕ್ ಅಂದರೆ ಬಂಡೆಗಲ್ಲು ಎಂದು ಸಾಲಿಯಲ್ಲಿ ಕಲಿತದ್ದು ನೆನಪಿತ್ತು. ಹುಡುಗ ಮನೆ ಕಟ್ಟಿಸುತ್ತಿರಬೇಕು, ಅಲ್ಲಿ ಖಡಿ ಸಿಗುತ್ತಿರಲಿಕ್ಕಿಲ್ಲ, ನಮ್ಮ ಕಡೆ ಕೇಳುತ್ತಿದ್ದಾನೆ ಎಂದುಕೊಂಡು, "ಎಷ್ಟ ಬ್ರಾಸ್ ಬೇಕಾಗೇತಿ?" ಅಂದೆ.

ಅವನು ನಕ್ಕ ನಗೆ ಪುಣೆಯ ಹಿಂಜವಡಿಯಿಂದ ನಿಪ್ಪಾಣಿ ದಾಟಿ ಕೇಳಿಸಿತು.

ಅದು ಹಾಡಂತೆ. ಕೋಲ್ಡ್‌ಪ್ಲೇ ಎಂಬ ಇಂಗ್ಲಂಡಿನ ಮೇಳವಂತೆ. ಲಂಡನ್ನಿನ ಕಾಲೇಜೊಂದರಲ್ಲಿ ಒಟ್ಟಿಗೆ ಓದಿದ ನಾಲ್ಕು ಹುಡುಗರು ಕಟ್ಟಿಕೊಂಡದ್ದು, 2000ನೇ ಇಸವಿಯಲ್ಲಿ ಮೊದಲ ಆಲ್ಬಮ್ಮು, 2025ರ ಜನವರಿಯಲ್ಲಿ ನವಿ ಮುಂಬಯಿಯಲ್ಲಿ ಮೂರು ದಿನ, ಅಹಮದಾಬಾದಿನಲ್ಲಿ ಎರಡು ದಿನ ಲೈವ್. ಟಿಕೀಟು 2,500ರಿಂದ 35,000 ರೂಪಾಯಿ. ನಾನು ಲೆಕ್ಕ ಹಾಕಿದೆ. ಟನ್ನಿಗೆ ಮೂರು ಸಾವಿರದ ಆಸುಪಾಸು ಹಿಡಿದರೆ ಎಲ್ಲಕ್ಕಿಂತ ದುಬಾರಿಯ ಒಂದು ಟಿಕೀಟಿಗೆ ಹನ್ನೊಂದು-ಹನ್ನೆರಡು ಟನ್ ಕಬ್ಬು. ಅಂದರೆ ಅಳಿಯ ಎರಡು ತಾಸು ಹಾಡು ಕೇಳಲು ನಾನು ವರ್ಷಪೂರ್ತಿ ರಾತ್ರಿ ಪಾಳಿಯ ಕರೆಂಟಿಗೆ ಎದ್ದು ಕೂರಬೇಕು. ಕೆಲವು ಕೂರುವ ಜಾಗಗಳಿಗಿಂತ ನಿಲ್ಲುವ ಜಾಗಕ್ಕೇ ರೊಕ್ಕ ಜಾಸ್ತಿ ಎಂಬುದು ನನಗೆ ಇವತ್ತಿಗೂ ಬಗೆಹರಿಯದ ಅರ್ಥಶಾಸ್ತ್ರ. ನಮ್ಮ ಕಡೆ ನಿಂತವರಿಗೆ ಯಾವತ್ತೂ ಪುಕ್ಕಟೆ.

ಟಿಕೀಟು ಅವನಿಗೆ ಸಿಗಲಿಲ್ಲ ಅನ್ನಿ. 2024ರ ಸೆಪ್ಟೆಂಬರ್ 22ರಂದು ಆನ್‌ಲೈನಿನಲ್ಲಿ ಮಾರಾಟ ಶುರುವಾದ ಗಳಿಗೆಗೇ ದೇಶದ ತುಂಬ ಮಂದಿ ಒಂದೇ ಬಾಗಿಲಿಗೆ ನುಗ್ಗಿದರು. ಮಧ್ಯಾಹ್ನ ನನಗೆ ಫೋನ್ ಬಂತು. ಅಳುವುದೊಂದೇ ಬಾಕಿ. "ಮಾಮಾ, ನನ್ನ ಪಾಳಿ ನಂಬರ ಆರ ಲಕ್ಷದ ಮ್ಯಾಲ ಐತ್ರಿ." ನಾನು ಸಮಾಧಾನ ಹೇಳಿದೆ. ಪಾಳಿ ಎಂಬ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಕಬ್ಬು ಹೂವಾಡಿದರೂ ಗ್ಯಾಂಗು ಬರುವುದಿಲ್ಲ, ಗ್ಯಾಂಗು ಬಂದರೆ ಗಾಡಿ ಬರುವುದಿಲ್ಲ, ಗಾಡಿ ಬಂದರೆ ಕಾರ್ಖಾನೆಯ ಅಂಗಳದಲ್ಲಿ ಎರಡು ರಾತ್ರಿ ಪಾಳಿ. ಕಬ್ಬು ಒಣಗಿ ತೂಕ ಇಳಿಯುತ್ತದೆ. "ನೀ ಚೊಲೋ ಇದ್ದೀ ತಮ್ಮಾ, ನಿಂತಲ್ಲೇ ನಿನ್ನ ತೂಕ ಇಳಿಯೂದಿಲ್ಲ" ಅಂದೆ. ಫೋನ್ ಕಟ್ಟಾಯಿತು.

ಈ ಅಲ್ಟರ್ನೇಟಿವ್ ಎಂಬುದರ ಜಾತಕವನ್ನು ಆಮೇಲೆ ಅವನಿಂದಲೇ ತಿಳಿದುಕೊಂಡೆ. 1980ರ ದಶಕದಲ್ಲಿ ಇಂಗ್ಲಂಡು-ಅಮೆರಿಕಗಳಲ್ಲಿ ದೊಡ್ಡ ಕಂಪನಿಗಳು ಮುಟ್ಟದ, ದೊಡ್ಡ ರೇಡಿಯೋಗಳು ಹಾಕದ ಹಾಡುಗಳನ್ನು ಸಣ್ಣ ಸಣ್ಣ ಕಂಪನಿಗಳು ಅಚ್ಚು ಹಾಕುತ್ತಿದ್ದವಂತೆ, ಕಾಲೇಜು ಹುಡುಗರು ತಮ್ಮದೇ ರೇಡಿಯೋದಲ್ಲಿ ಹಚ್ಚುತ್ತಿದ್ದರಂತೆ. ಮುಖ್ಯ ರಸ್ತೆ ಬಂದಾದವರ ಅಡ್ಡದಾರಿ ಅದು. 1991ರಲ್ಲಿ ನಿರ್ವಾಣ ಎಂಬ ಮೇಳದ ಒಂದು ಆಲ್ಬಮ್ಮು ಬಂತು. 1992ರ ಜನವರಿಯಲ್ಲಿ ಅದು ಮೈಕಲ್ ಜಾಕ್ಸನ್ನನನ್ನೇ ಅಮೆರಿಕದ ಪಟ್ಟಿಯ ಮೊದಲ ಸ್ಥಾನದಿಂದ ಕೆಳಗಿಳಿಸಿತು. ಅಲ್ಲಿಗೆ ಅಡ್ಡದಾರಿಗೆ ಡಾಂಬರು ಬಿತ್ತು. ಈಗ ನೋಡಿ, ಕೋಲ್ಡ್‌ಪ್ಲೇಯವರ ಇದೇ ತಿರುಗಾಟದ ಗಳಿಕೆ ನೂರು ಕೋಟಿ ಡಾಲರ್ ದಾಟಿದೆ. ಪುಣೆ-ಬೆಂಗಳೂರು ರಸ್ತೆ ನಾಲ್ಕು ಪಥವಾದಾಗ ಕೊಗನೊಳ್ಳಿಯಲ್ಲಿ ಟೋಲ್ ನಾಕಾ ಎದ್ದು ನಿಂತಿತಲ್ಲ, ಹಾಗೆ. ಹೆಸರು ಮಾತ್ರ ಇನ್ನೂ ಪರ್ಯಾಯ ಮಾರ್ಗ.

ಟಿಕೀಟು ತಪ್ಪಿದ ಅಳಿಯ ಗಣರಾಜ್ಯೋತ್ಸವಕ್ಕೆ ಊರಿಗೆ ಬಂದ. 2025ರ ಜನವರಿ 26, ರವಿವಾರ. ಅಹಮದಾಬಾದಿನ ಎರಡನೆಯ ದಿನದ ಕಾರ್ಯಕ್ರಮ ಹಾಟ್‌ಸ್ಟಾರ್‌ನಲ್ಲಿ ನೇರಪ್ರಸಾರ. ಟೀವಿಯನ್ನು ಪಡಸಾಲಿಯಿಂದ ಅಂಗಳಕ್ಕೆ ತಂದಿಟ್ಟು, ಮೊಬೈಲಿನ ಇಂಟರ್ನೆಟ್ಟು ಅದಕ್ಕೆ ಕೊಟ್ಟು, ನಮ್ಮನ್ನೆಲ್ಲ ಗೋಣಿತಟ್ಟಿನ ಮೇಲೆ ಕೂರಿಸಿದ. ನಮ್ಮಕ್ಕ, ನನ್ನ ಹೆಂಡತಿ, ಓಣಿಯ ಹುಡುಗರು, ಮಗ್ಗುಲ ಮನೆಯ ಭಜನಿ ಅಜ್ಜ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ನಮ್ಮೂರ ಡಾಲ್ಬಿಯ ಮಾಲಕ ಕೂತ. ಹೊಸ ಬಾಕ್ಸು ಯಾವುವು ಬಂದಿವೆ ನೋಡಿಕೊಂಡು ಹೋಗುವ ವ್ಯಾಪಾರದ ದೃಷ್ಟಿ ಅವನದು.

ಸುಳ್ಳು ಹೇಳಬಾರದು, ನೋಡಲು ಬಲು ಚೆಂದ. ಲಕ್ಷಕ್ಕೂ ಮಿಕ್ಕಿ ಮಂದಿ, ಪ್ರತಿಯೊಬ್ಬರ ಮುಂಗೈಗೂ ಮಿಣುಕುವ ಪಟ್ಟಿ. ಅದು ಮಣ್ಣಿನಲ್ಲಿ ಕರಗುವ, ಗಿಡದಿಂದಲೇ ತಯಾರಾದ ವಸ್ತುವಿನದಂತೆ. ಎಲ್ಲೋ ಕೂತ ಒಬ್ಬ ಒಂದು ಗುಂಡಿ ಒತ್ತಿದರೆ ಲಕ್ಷ ಕೈ ಕೆಂಪಾಗುತ್ತವೆ, ಇನ್ನೊಂದು ಒತ್ತಿದರೆ ಹಳದಿ. ಈ ಮೇಳದವರು ಪರಿಸರವಾದಿಗಳು, ಹಾಗಾಗಿ ಪ್ರೇಕ್ಷಕರು ಕುಣಿದರೆ ಕರೆಂಟು ಹುಟ್ಟುವ ನೆಲ, ತುಳಿದರೆ ಕರೆಂಟು ಹುಟ್ಟುವ ಸೈಕಲ್ಲು ಎಲ್ಲ ಈ ತಿರುಗಾಟದ ಸರಂಜಾಮಿನಲ್ಲಿವೆ ಎಂದು ಅಳಿಯ ವಿವರಿಸಿದ. ನಮ್ಮಕ್ಕ ಅದನ್ನು ಗಂಭೀರವಾಗಿ ತೆಗೆದುಕೊಂಡಳು. "ಅಲ್ಲೋ, ಅಷ್ಟ ಮಂದಿ ಸುಮ್ನ ಕುಣಿಯೂದು ಯಾಕ? ಒಂದ ಹತ್ತ ಮಂದೀನ ನಮ್ಮ ಹೊಲಕ್ಕ ಕಳಸಂತ ಹೇಳ. ಹಗಲ್ಹೊತ್ತಿನ್ಯಾಗ ತ್ರೀ-ಫೇಜ್ ಆದ್ರ ಸಾಕಾಗೇತಿ."

ಹಾಡುವವನು ಕ್ರಿಸ್ ಮಾರ್ಟಿನ್. ಮುಂಬಯಿಯಲ್ಲಿ ಅವನು, ಬ್ರಿಟನ್ನು ಮಾಡಿದ ಕೆಟ್ಟದ್ದನ್ನೆಲ್ಲ ನೀವು ಕ್ಷಮಿಸಿದ್ದಕ್ಕೆ ಉಪಕಾರವಾಯಿತು ಎಂಬ ಅರ್ಥದ ಮಾತು ಹೇಳಿದ್ದನಂತೆ. ಅಜ್ಜನಿಗೆ ಇದನ್ನು ಹೇಳಿದಾಗ ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಜಿಲ್ಲಾದ ಬಗ್ಗಿ ಏನರ ಅಂದಾನೇನ?" ಎಂದು ಕೇಳಿದ. ಪ್ರಶ್ನೆಯಲ್ಲಿ ತೂಕವಿತ್ತು. 1836ರಲ್ಲಿ ಧಾರವಾಡದಿಂದ ಬಿಡಿಸಿ ಬೆಳಗಾವಿ ಎಂಬ ಇಷ್ಟು ದೊಡ್ಡ ಜಿಲ್ಲೆಗೆ ಗೆರೆ ಎಳೆದವರು ಅದೇ ಬ್ರಿಟಿಷರು. ಚಿಕ್ಕೋಡಿಯನ್ನು ಬೇರೆ ಮಾಡಿ ಎಂದು ನಾವು ದಶಕಗಳಿಂದ ಕೂಗುತ್ತಲೇ ಇದ್ದೇವೆ. ಬೆಂಗಳೂರಿನವರು ಮಾಡಲಿಲ್ಲ, ಕ್ಷಮೆ ಕೇಳುವ ಉಮೇದಿಯಲ್ಲಿರುವ ಇಂಗ್ಲಂಡಿನವನಾದರೂ ಒಂದು ಮಾತು ಹೇಳಬಹುದಿತ್ತು.

ಅಷ್ಟರಲ್ಲಿ ನಿಜವಾದ ಲೈವ್ ಕಾರ್ಯಕ್ರಮ ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡಿತು. ಡಬಲ್ ಟ್ರಾಲಿ, ಹದಿನೆಂಟು-ಇಪ್ಪತ್ತು ಟನ್ ಕಬ್ಬು, ಹಿಂದೆ ಕೆಂಪು ಲೈಟಿಲ್ಲ, ಮುಂದೆ ಒಂದೇ ಕಣ್ಣು, ಡ್ರೈವರನ ತಲೆಯ ಮೇಲೆ ಎರಡು ಬಾಕ್ಸು, ಬೆನ್ನ ಹಿಂದೆ ನಾಲ್ಕು. ಹಚ್ಚಿದ್ದು ನಮ್ಮ ರಾಯಬಾಗ ತಾಲೂಕಿನ ನಿಪನಾಳದ ಮಾಳು ಅವರ 'ನಾ ಡ್ರೈವರ'. ಅಹಮದಾಬಾದಿನ ಲಕ್ಷ ಮಂದಿಯ ಕೂಗು ಒಂದು ಟ್ರ್ಯಾಕ್ಟರಿನ ಎದುರು ಬಾಯಿ ಮುಚ್ಚಿಕೊಂಡಿತು. ಟೀವಿಯಲ್ಲಿ ಕ್ರಿಸ್ ಮಾರ್ಟಿನ್ನನ ತುಟಿ ಅಲ್ಲಾಡುತ್ತಿತ್ತು, ಹಾಡು ಮಾತ್ರ ನಿಪನಾಳದ್ದು ಬರುತ್ತಿತ್ತು. ತಾಳ ಕೂಡಿದ್ದು ವಿಶೇಷ. ಓಣಿಯ ಹುಡುಗರು ಅದಕ್ಕೇ ಎದ್ದು ಕುಣಿದರು.

ಯೋಚಿಸಿ ನೋಡಿದರೆ, ಅಳಿಯ ಹೇಳಿದ ವ್ಯಾಖ್ಯೆಯ ಪ್ರಕಾರ ಅಲ್ಟರ್ನೇಟಿವ್ ಎಂದರೆ ಇದೇ. ದೊಡ್ಡ ಕಂಪನಿಯ ಹೊಸ್ತಿಲು ತುಳಿಯದೆ, ಬೆಂಗಳೂರಿನ ರೇಡಿಯೋದವರ ಕೈಕಾಲು ಹಿಡಿಯದೆ, ಊರ ಮಾತಿನಲ್ಲೇ ಹಾಡು ಕಟ್ಟಿ, ಮೊಬೈಲಿಗೆ ಬಿಟ್ಟು, ಟ್ರ್ಯಾಕ್ಟರುಗಳ ಮೂಲಕ ಇಡೀ ಉತ್ತರ ಕರ್ನಾಟಕ ತಿರುಗಿದ ಸಂಗೀತ. ಇದನ್ನು ಹೇಳಿದಾಗ ಅಳಿಯನ ಮುಖ ಕಹಿಯಾಯಿತು. ಅವನ ಪುಸ್ತಕದಲ್ಲಿ ಪರ್ಯಾಯಕ್ಕೆ ಪಾಸ್‌ಪೋರ್ಟ್ ಬೇಕು. ಆ ವರ್ಷವೇ ಮಾಳು ಬಿಗ್ ಬಾಸ್ ಮನೆಗೂ ಹೋದರು. ಅಡ್ಡದಾರಿ ಹೆದ್ದಾರಿಗೆ ಕೂಡುವ ಜಾಗ ಎಲ್ಲ ದೇಶದಲ್ಲೂ ಒಂದೇ ರೀತಿ ಇರುತ್ತದೆ.

ಈಗ ಡಾಲ್ಬಿಯ ಕತೆ. ಇದನ್ನು ಘಟ್ಟದ ಕೆಳಗಿನವರಿಗೆ, ಬೆಂಗಳೂರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಡೀಜೆ ಅನ್ನುತ್ತೀರಲ್ಲ, ಟ್ರಕ್ಕಿನ ಮೇಲೆ ಗೋಡೆಯಂತೆ ಪೇರಿಸಿದ ಕರಿ ಪೆಟ್ಟಿಗೆಗಳು, ಅದಕ್ಕೆ ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದಿಂದ ಹಿಡಿದು ಗಡಿಯಾಚೆಯ ಕೊಲ್ಹಾಪುರ, ಸಾಂಗ್ಲಿಯ ತನಕ ಒಂದೇ ಹೆಸರು: ಡಾಲ್ಬಿ. ಭಾಷೆಗೆ ಜಗಳ, ನೀರಿಗೆ ಜಗಳ, ಬೋರ್ಡಿಗೆ ಜಗಳ. ಎರಡೂ ರಾಜ್ಯಗಳ ಮಂದಿ ನನ್ನದು ನಿನ್ನದು ಅನ್ನದೆ ಅಪ್ಪಿಕೊಂಡ ಪದಾರ್ಥ ಇದೊಂದೇ. ಎರಡೂ ರಾಜ್ಯಗಳ ಗಡಿ ಜಗಳ ಬಿಡಿಸಲು ಕೂತ ಮಹಾಜನ ಆಯೋಗಕ್ಕೆ ಆ ಕಾಲದಲ್ಲಿ ಡಾಲ್ಬಿ ಸಿಕ್ಕಿದ್ದರೆ ವರದಿ ಬರೆಯುವ ತಾಪತ್ರಯವೇ ಇರುತ್ತಿರಲಿಲ್ಲ.

ಆದರೆ ಡಾಲ್ಬಿ ಒಬ್ಬ ಮನುಷ್ಯನ ಹೆಸರು. ರೇ ಡಾಲ್ಬಿ, ಅಮೆರಿಕದ ಎಂಜಿನಿಯರ್. 1965ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಯೋಗಾಲಯ ತೆರೆದ. ಅಲ್ಲಿ ಆತ ಮೊದಲು ಕಂಡುಹಿಡಿದು ಹೆಸರು ಮಾಡಿದ ಯಂತ್ರ ಯಾವುದು ಗೊತ್ತೇ? ಶಬ್ದ ಕಡಿಮೆ ಮಾಡುವುದು. ಟೇಪಿನಲ್ಲಿ ಹಾಡಿನ ಹಿಂದೆ 'ಸ್‌ಸ್' ಎಂದು ಬರುವ ಸಣ್ಣ ಸುಯ್ಯೆನ್ನುವ ಸಪ್ಪಳವನ್ನು ಅಡಗಿಸುವ ವಿದ್ಯೆ. ಆ ಸಪ್ಪಳವೂ ಕೇಳಬಾರದು ಎಂದು ನಿದ್ದೆಗೆಟ್ಟ ಪುಣ್ಯಾತ್ಮನ ಹೆಸರನ್ನು ನಾವು ಕಿಟಕಿಯ ಗಾಜು ಒಡೆಯುವ ಪೆಟ್ಟಿಗೆಗೆ ಇಟ್ಟಿದ್ದೇವೆ. ಆತನ ಕಂಪನಿಗೂ ಈ ಪೆಟ್ಟಿಗೆಗಳಿಗೂ ತಗಡು-ಮೊಳೆಯ ಸಂಬಂಧವೂ ಇಲ್ಲ. ಆತ ತೀರಿಕೊಂಡದ್ದು 2013ರ ಸೆಪ್ಟೆಂಬರ್ 12ಕ್ಕೆ. ಆ ವರ್ಷ ಗಣೇಶ ಚೌತಿ ಸೆಪ್ಟೆಂಬರ್ 9ಕ್ಕೆ ಇತ್ತು. ಅಂದರೆ ಆತ ಕಣ್ಣು ಮುಚ್ಚಿದ ಹೊತ್ತಿಗೆ ನಮ್ಮ ಸೀಮೆಯ ಗಲ್ಲಿಗಲ್ಲಿಯಲ್ಲಿ ಅವನ ನಾಮಸ್ಮರಣೆ ನಡೆದಿತ್ತು. ಅಷ್ಟು ಜೋರಿನ ಶ್ರದ್ಧಾಂಜಲಿ ಯಾವ ವಿಜ್ಞಾನಿಗೂ ಸಂದಿರಲಿಕ್ಕಿಲ್ಲ.

ಕಾಯ್ದೆ ಇಲ್ಲವೆ? ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸ್ಪೀಕರ್ ಬಂದ್. 45 ಡೆಸಿಬೆಲ್ ಎಂದರೆ ನಮ್ಮ ಎಮ್ಮೆ ಮೆಲುಕು ಹಾಕಿದರೂ ಕೇಸು ಬಿದ್ದೀತು. ಹಬ್ಬಹರಿದಿನಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಈ ಹದಿನೈದರ ಎಣಿಕೆ ನಮ್ಮಲ್ಲಿ ಹೇಗೆಂದರೆ, ಗಣಪತಿ ಒಂದು ದಿನ, ನವರಾತ್ರಿ ಒಂದು ದಿನ, ಊರ ಜಾತ್ರೆ ಒಂದು ದಿನ, ನೆರೆ ಊರಿನ ಜಾತ್ರೆ ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಮದುವೆಯ ವರಾತ ಹಬ್ಬವೇ ಅಲ್ಲ, ಸಾಹೇಬರ ಹುಟ್ಟುಹಬ್ಬ ರಾಷ್ಟ್ರೀಯ ಕಾರ್ಯ, ಬದುಕಿದ್ದಾಗ ಮೆಲ್ಲಗೆ ಮಾತಾಡಿದ ಮಹಾಪುರುಷರ ಜಯಂತಿ ಅಭಿಮಾನದ ಪ್ರಶ್ನೆ. ಹೀಗೆ ಕೂಡಿಸಿದರೆ ಹದಿನೈದರಲ್ಲಿ ಇನ್ನೂ ಹನ್ನೆರಡು ದಿನ ಉಳಿಯುತ್ತವೆ, ಮುಂದಿನ ವರ್ಷಕ್ಕೆ ಜಮಾ.

ರಾಕಿನವರೂ ಕಡಿಮೆಯಲ್ಲ ಎಂಬುದನ್ನು ಹೇಳದಿದ್ದರೆ ಪಕ್ಷಪಾತವಾದೀತು. 1976ರಲ್ಲಿ ದ ಹೂ ಎಂಬ ಮೇಳ ಲಂಡನ್ನಿನ ಫುಟ್‌ಬಾಲ್ ಮೈದಾನವೊಂದರಲ್ಲಿ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ಎಬ್ಬಿಸಿ ಗಿನ್ನೆಸ್ ಪುಸ್ತಕ ಸೇರಿತ್ತು. ಮಂದಿಯ ಕಿವಿ ಹಾಳಾಗುತ್ತದೆಂದು ಗಿನ್ನೆಸ್‌ನವರು ಆಮೇಲೆ ಆ ದಾಖಲೆ ಬರೆದುಕೊಳ್ಳುವುದನ್ನೇ ಬಿಟ್ಟರು. ಹಾಗಾಗಿ ನಮ್ಮೂರ ಹೆಸರು ಅದರಲ್ಲಿಲ್ಲ. ಕ್ರಿಸ್ ಮಾರ್ಟಿನ್ನನಿಗೂ ಕಿವಿಯಲ್ಲಿ ಸದಾ ಗುಂಯ್‌ಗುಡುವ ರೋಗವಿದೆ. ತಾನೇ ಬಹಿರಂಗವಾಗಿ ಹೇಳಿಕೊಂಡು, ಕಿವಿಗೆ ಬಿರಡೆ ಹಾಕಿಕೊಳ್ಳಿರಿ ಎಂದು ಹುಡುಗರಿಗೆ ಬುದ್ಧಿ ಹೇಳಿದವನು. ಅಹಮದಾಬಾದಿನಲ್ಲಿ ಮಕ್ಕಳ ರಕ್ಷಣಾ ಘಟಕದವರು ಮಕ್ಕಳನ್ನು ವೇದಿಕೆಗೆ ಹತ್ತಿಸಬೇಡಿ, ಶಬ್ದ 120 ಡೆಸಿಬೆಲ್ ದಾಟಿಸಬೇಡಿ ಎಂದು ಮೊದಲೇ ನೋಟಿಸು ಕೊಟ್ಟಿದ್ದರು. ನಮ್ಮ ಡಾಲ್ಬಿ ಮಾಲಕ ಇದನ್ನು ಕೇಳಿ ಬಹಳ ಹೊತ್ತು ನಕ್ಕ. ನೋಟಿಸಿಗಲ್ಲ. "ನೂರಾ ಇಪ್ಪತ್ತಕ್ಕ ನಿಲ್ಲಸ್ತಾರಂದ್ರ ಅವರ ಜನರೇಟರ ಸಣ್ಣದ ಇರಬೇಕ್ರಿ" ಅಂದ. ಮಾತಾಡುವಾಗ ಕಿವಿಯಿಂದ ಅರಳೆ ತೆಗೆದಿಟ್ಟುಕೊಂಡ. ಅವನೂ ಕಲಾವಿದನೇ.

ಮಾರನೆಯ ದಿನ ಅಳಿಯನಿಗೆ ಸುಧಾರಣೆಯ ಜ್ವರ ಹತ್ತಿತು. ನಮ್ಮೂರ ಜಾತ್ರೆಯಲ್ಲಿ ಈ ಸಲ ಡಾಲ್ಬಿ ಬೇಡ, ಒಂದು ಅಲ್ಟರ್ನೇಟಿವ್ ರಾಕ್ ಬ್ಯಾಂಡ್ ಕರೆಸೋಣ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಹುಡುಗರು ಬೇಕಾದಷ್ಟಿದ್ದಾರೆ, ಕನ್ನಡದಲ್ಲೇ ಹಾಡುವವರೂ ಇದ್ದಾರೆ ಎಂದ. ಜಾತ್ರಾ ಕಮೀಟಿಯ ಮುಂದೆ ಅವನನ್ನು ನಾನೇ ಕರೆದುಕೊಂಡು ಹೋದೆ. ಸಾಲಿ ಮಾಸ್ತರಿಕೆಯಿಂದ ರಿಟೈರ್ ಆದವನಿಗೆ ಇಂಥ ಕೆಲಸಗಳೇ ಉಳಿಯುವುದು.

ಕಮೀಟಿ ಗುಡಿಯ ಪೌಳಿಯಲ್ಲಿ ಕೂಡಿತ್ತು. ಚೇರಮನ್ನರು ಮೊದಲು ಕೇಳಿದ್ದು ಹಾಡಿನ ಬಗ್ಗೆ ಅಲ್ಲ.

"ಸ್ಟೇಜ್ ಮ್ಯಾಲ ಕುರ್ಚಿ ಎಷ್ಟ ಹಾಕ್ಬೇಕಾಗ್ತಾವ?"

"ಕುರ್ಚಿ ಬ್ಯಾಡ್ರಿ ಕಾಕಾ. ನಾಕ ಮಂದಿ ನಿಂತ ಹಾಡ್ತಾರ."

"ಅವರ ನಿಂದರಲಿ. ಸಾಹೇಬರ ಎಲ್ಲಿ ಕುಂಡರ್ಬೇಕು?"

"ಸ್ಟೇಜ್ ಮ್ಯಾಲ ಬ್ಯಾಂಡಿನವರ ಬಿಟ್ಟ ಯಾರೂ ಇರೂದಿಲ್ರಿ."

ಪೌಳಿಯಲ್ಲಿ ಸೂಜಿ ಬಿದ್ದರೆ ಕೇಳುವಂಥ ಮೌನ. ರೇ ಡಾಲ್ಬಿ ಇದ್ದಿದ್ದರೆ ಸಂತೋಷಪಡುತ್ತಿದ್ದ. ಕುರ್ಚಿಯಿಲ್ಲದ ಸ್ಟೇಜು ಎಂದರೆ ಉತ್ಸವಮೂರ್ತಿಯಿಲ್ಲದ ಪಲ್ಲಕ್ಕಿ. ಹಾಗಾದರೆ ದೀಪ ಹಚ್ಚುವವರು ಯಾರು? ಸತ್ಕಾರ ಎಲ್ಲಿ? ಶಾಲು, ಫೇಟಾ, ಶ್ರೀಫಲ ಯಾರ ಕೈಯಿಂದ ಯಾರಿಗೆ? ಸ್ಟೇಜಿನ ಹಿಂದಿನ ಬ್ಯಾನರಿನಲ್ಲಿ ಯಾವ ಪಾರ್ಟಿಯವರ ಫೋಟೋ ಎಷ್ಟು ದೊಡ್ಡದು? ಹಿಂದೆ ಒಂದು ದೊಡ್ಡ ಪರದೆ ಇರುತ್ತದೆ, ಅದರ ಮೇಲೆ ಬರೀ ಬಣ್ಣ ಹರಿದಾಡುತ್ತವೆ ಎಂದು ಅಳಿಯ ಹೇಳಿದ. "ಯಾವ ಬಣ್ಣ?" ಎಂದು ಮೂರು ಕಡೆಯಿಂದ ಒಮ್ಮೆಗೇ ಪ್ರಶ್ನೆ ಬಂತು. ಹುಡುಗ ಪುಣೆಯಲ್ಲಿದ್ದು ಸೂಕ್ಷ್ಮ ಮರೆತಿದ್ದಾನೆ.

ಸೆಕ್ರೆಟರಿ ವ್ಯವಹಾರಸ್ಥರು. ಟಿಕೀಟು ಇಡುವುದಾದರೆ ಇಡೀ ಊರು ಪುಕ್ಕಟೆ ಪಾಸು ಕೇಳುತ್ತದೆ, ಅದಕ್ಕಿಂತ ಮನೆಗಿಷ್ಟು ಎಂದು ಪಟ್ಟಿ ಎತ್ತುವುದೇ ವಾಸಿ ಎಂದರು. ಮಾಜಿ ಮೆಂಬರರು ಪೇಪರು ಓದುವವರು. 2011ರಲ್ಲಿ ಮೆಟಾಲಿಕಾ ಎಂಬ ಬ್ಯಾಂಡು ದಿಲ್ಲಿ ಮಗ್ಗುಲಿನ ಗುಡಗಾಂವಕ್ಕೆ ಬಂದಾಗ ಕಾರ್ಯಕ್ರಮ ರದ್ದಾಗಿ ಮಂದಿ ಸ್ಟೇಜು ಮುರಿದದ್ದು, ಎರಡು ದಿನ ಬಿಟ್ಟು ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ಬ್ಯಾಂಡಿನ ಕಾರ್ಯಕ್ರಮ ಸುಸೂತ್ರವಾಗಿ ಆದದ್ದು ಅವರಿಗೆ ಗೊತ್ತಿತ್ತು. "ಅಂದ್ರ ನಮ್ಮ ರಾಜ್ಯದಾಗ ಮುರಿಯೂದಿಲ್ಲ ಅಂತ ಸಿದ್ಧ ಆತು" ಎಂದು ನಾನು ಒತ್ತು ಕೊಟ್ಟೆ. "ಬೆಂಗಳೂರ ಬ್ಯಾರೆ, ನಾವ ಬ್ಯಾರೆ. ಸ್ಟೇಜಿನ ಡಿಪಾಜಿಟ್ ಯಾರ ತುಂಬ್ತಾರ?" ಎಂದರು. ಇನ್ನೊಬ್ಬರಿಗೆ ಬ್ಯಾಂಡಿನವರು ಬರುವುದು ಹೇಗೆಂಬ ಚಿಂತೆ. ರೈಲಿಗೆ ಬಂದರೆ ಚಿಕ್ಕೋಡಿ ರೋಡ್ ಎಂಬ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಅಲ್ಲಿ ರೋಡು ಸಿಗುತ್ತದೆ, ಚಿಕ್ಕೋಡಿ ಸಿಗುವುದಿಲ್ಲ. ಗಿಟಾರ್ ಹೊತ್ತುಕೊಂಡು ಬಯಲಲ್ಲಿ ನಿಂತ ಬ್ಯಾಂಡಿನವರ ಗತಿಯೇನು?

ಆ ಸಭೆಯಲ್ಲಿ ಎಲ್ಲರೂ ಒಮ್ಮತದಿಂದ ಒಪ್ಪಿದ ಸಂಗತಿ ಒಂದೇ, ಮುಂಗೈಯ ಮಿಣುಕುಪಟ್ಟಿ. ಅಳಿಯ ಮೊಬೈಲಿನಲ್ಲಿ ಅದರ ವಿಡಿಯೋ ತೋರಿಸಿದ. ಒಬ್ಬ ಗುಂಡಿ ಒತ್ತಿದರೆ ಲಕ್ಷ ಮಂದಿಯ ಕೈ ಒಂದೇ ಸಲಕ್ಕೆ ಅವನು ಹೇಳಿದ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ನೋಡಿ ಚೇರಮನ್ನರ ಕಣ್ಣು ತೇವವಾದವು. ಅವರು ಮೂವತ್ತು ವರ್ಷ ರಾಜಕಾರಣ ಮಾಡಿದವರು. ಒಂದು ಓಣಿಯ ಕೈಗಳನ್ನು ಒಂದೇ ಬಣ್ಣಕ್ಕೆ ತರಲು ಎಷ್ಟು ಊಟ, ಎಷ್ಟು ಸೀರೆ, ಎಷ್ಟು ರಾತ್ರಿ! "ಇದರ ಗುಂಡಿ ಯಾರ ಕಡೆ ಇರತೈತಿ?" ಎಂದು ಮೆಲ್ಲಗೆ ಕೇಳಿದರು. ಬ್ಯಾಂಡು ಬೇಡ, ಗುಂಡಿ ಮತ್ತು ಪಟ್ಟಿ ಮಾತ್ರ ಬಾಡಿಗೆಗೆ ಸಿಗುತ್ತವೆಯೋ ವಿಚಾರಿಸಬೇಕೆಂದು ಠರಾವಾಯಿತು.

ಅಳಿಯ ಸೋಲೊಪ್ಪುವವನಲ್ಲ. ಆ ಸಂಜೆ ಕಟ್ಟೆಯ ಮೇಲೆ ಅವನು ಕೊನೆಯ ಅಸ್ತ್ರ ತೆಗೆದ. ರಘು ದೀಕ್ಷಿತ್ ಅವರ 2008ರ ಆಲ್ಬಮ್ಮು. ಶಿಶುನಾಳ ಶರೀಫರ ಪದಗಳು ಗಿಟಾರು, ಪಿಟೀಲು, ಡ್ರಮ್ಮಿನೊಂದಿಗೆ. ಇದೇ ತಂಡ 2011ರಲ್ಲಿ ಇಂಗ್ಲಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋಗಿ, ಲುಂಗಿ-ಗೆಜ್ಜೆ ಕಟ್ಟಿಕೊಂಡು ಹಾಡಿ ಬಂತು ಎಂದ. ಭಜನಿ ಅಜ್ಜನನ್ನು ಕೂರಿಸಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ. ಮೊದಲು ಗುಡಗುಡಿಯ ಪದ. ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಿ ಹಮಾಲಿ ಮಾಡಿದ ಅಜ್ಜನಿಗೆ ಗುಡಗುಡಿಯ ಬಗ್ಗೆ ಶರೀಫರಷ್ಟಲ್ಲದಿದ್ದರೂ ಸಾಕಷ್ಟು ಗೊತ್ತು. ಆಮೇಲೆ ಮಾಳಿಗೆ ಸೋರುವ ಪದ.

ಅಜ್ಜ ಪೂರ್ತಿ ಕೇಳಿದ. ಇಯರ್‌ಫೋನ್ ತೆಗೆದ.

"ಪದ ನಮ್ದ ಐತಿ. ಹುಡುಗನ ಧ್ವನಿನೂ ಚೊಲೋ ಐತಿ. ಆದ್ರ ಇಷ್ಟ ಯಾಕ ಅವಸರ ಮಾಡ್ತಾನ? ಮಾಳಿಗಿ ಅಂದ್ರ ಹನಿ ಹನಿ ಸೋರತೈತಿ ತಮ್ಮಾ. ಇಂವಂದು ಒಮ್ಮಿಗೆ ಕುಸದ ಬಿದ್ದಂಗ ಆಗೇತಿ."

ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಮ್ಮೆ ಹಚ್ಚ ನೋಡೂಣು" ಅಂದ. ಎರಡನೆಯ ಸಲಕ್ಕೆ ಅಜ್ಜನ ಬೆರಳು ಕಟ್ಟೆಯ ಕಲ್ಲಿನ ಮೇಲೆ ದಮ್ಮಡಿ ಬಾರಿಸುತ್ತಿತ್ತು. ಮೂರನೆಯ ಸಲ ಕೇಳಿ, "ಇಂಗ್ಲಂಡದಾಗ ಮಂದಿ ಎದ್ದ ಹೋಗಲಿಲ್ಲೇನ?" ಎಂದು ಕೇಳಿದ. ಕುಣಿದರು ಎಂದ ಅಳಿಯ. ಅಜ್ಜ ನಂಬಲಿಲ್ಲ. ಅವನ ಅನುಭವದಲ್ಲಿ ತತ್ವಪದ ಶುರುವಾದ ಕೂಡಲೇ ಮಂದಿ ಬಸ್ಸಿನ ಟೈಮು ನೋಡುತ್ತಾರೆ.

ಶರೀಫರು ಹುಟ್ಟಿದ್ದು 1819, ತೀರಿಕೊಂಡದ್ದು 1889. ಮುಸಲ್ಮಾನನಾಗಿ ಹುಟ್ಟಿ, ಬ್ರಾಹ್ಮಣ ಗೋವಿಂದಭಟ್ಟರ ಶಿಷ್ಯನಾಗಿ, ಸಾಲಿ ಮಾಸ್ತರಿಕೆ ಬಿಟ್ಟು, ಕಂಡದ್ದನ್ನೆಲ್ಲ ಪದ ಕಟ್ಟಿ ಹಾಡಿಕೊಂಡು ತಿರುಗಿದ ಮನುಷ್ಯ. ಆ ಕಾಲದ ಹೆದ್ದಾರಿಯವರು ಅವರನ್ನು ಎರಡೂ ಕಡೆಯಿಂದ ಬ್ಯಾರಿಕೇಡ್ ಹಾಕಿ ನಿಲ್ಲಿಸಿದ್ದರು. ನೂರಕ್ಕೂ ಮಿಕ್ಕಿ ವರ್ಷ ಏಕತಾರಿಯ ಮೇಲೆ ನಮ್ಮ ಓಣಿಯಲ್ಲೇ ಪುಕ್ಕಟೆ ಇದ್ದ ಆ ಪದಗಳನ್ನು ನಾವು ಡಾಲ್ಬಿ ಹಚ್ಚಿ ಓಡಿಸಿದೆವು. ಅವು ಬೆಂಗಳೂರಿಗೆ ಹೋಗಿ ಗಿಟಾರು ಕಟ್ಟಿಕೊಂಡವು, ವಿಮಾನ ಹತ್ತಿ ಇಂಗ್ಲಂಡಿನ ಕೆಸರು ತುಳಿದು ಬಂದವು, ಈಗ ಪುಣೆಯ ಹುಡುಗನ ಮೊಬೈಲಿನಲ್ಲಿ 'ಫೋಕ್ ರಾಕ್' ಎಂಬ ಹಣೆಪಟ್ಟಿಯೊಂದಿಗೆ ನಮ್ಮ ಕಟ್ಟೆಗೇ ಮರಳಿವೆ. ಎದುರಿಗೆ ಕಾಣುವ ಊರಿಗೆ ಅರ್ಧ ತಾಲೂಕು ಸುತ್ತಿ ಹೋಗುವುದೆಂದೆನಲ್ಲ.

ಇದನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿಕೊಂಡು ಅಳಿಯ ಮತ್ತೊಮ್ಮೆ ಕಮೀಟಿಗೆ ಹೋದ. ಈ ಸಲ ಬ್ಯಾಂಡಿನ ಹೆಸರು ಎತ್ತಲಿಲ್ಲ, ಅಲ್ಟರ್ನೇಟಿವ್ ಎಂದರೆ ಏನೆಂದು ಸಾವಧಾನವಾಗಿ ಬಿಡಿಸಿ ಹೇಳಿದ. ದೊಡ್ಡವರ ಆಸರೆ ಇಲ್ಲದ್ದು. ರೊಕ್ಕದ ಆಸೆಗೆ ಹಾಡದ್ದು. ಸಿನೆಮಾದ ಹಾಡಲ್ಲದ್ದು. ಎಲ್ಲರೂ ಒಂದು ಕಡೆ ಹೊರಟರೆ ತಾನೊಂದು ಕಡೆ ಹೊರಡುವುದು. ಕೇಳುವವರು ಸ್ವಲ್ಪ ಮಂದಿ, ಆದರೆ ಜೀವ ಬಿಡುವವರು.

ಚೇರಮನ್ನರ ಮುಖ ಬೆಳಗಿತು. "ಹೌದಲೇ, ಇದನ್ನ ಮೊದಲ ಹೇಳ್ಬೇಕಿಲ್ಲ? ಅದು ನಮ್ಮ ಭಜನಿ ಮಂದಿ ಅಲ್ಲೇನ!"

ಅಳಿಯ ಬಾಯಿ ತೆರೆದ. ಮುಚ್ಚಿದ. ತಾನು ಕೊಟ್ಟ ಒಂದೊಂದು ಲಕ್ಷಣವೂ ಅಜ್ಜನ ಮೇಳಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತ್ತು. ರಾಕಿನ ಮಾತೇನು ಎಂದು ಸೆಕ್ರೆಟರಿ ಕೇಳಿದರು. ರಾಕ್ ಎಂದರೆ ಕಲ್ಲು, ಭಜನಿಯವರು ಕೂರುವುದು ಬನ್ನಿ ಗಿಡದ ಕಲ್ಲಿನ ಕಟ್ಟೆಯ ಮೇಲೆಯೇ ಎಂದು ನಾನು ಸಮಾಧಾನ ಹೇಳಿದೆ. ಏಳನೇ ಇಯತ್ತೆಯ ಇಂಗ್ಲಿಷು ಸುಮ್ಮನೆ ಹೋಗುವುದಿಲ್ಲ.

ಜಾತ್ರೆ ಆಯಿತು. ಡಾಲ್ಬಿ ಬೇಡವೆಂದವರು ಯಾರು? ಅಲ್ಟರ್ನೇಟಿವ್ ಬಂದಿತೆಂದು ಮುಖ್ಯದ್ದನ್ನು ಬಿಡಲಾಗುತ್ತದೆಯೆ? ಎರಡು ಡಾಲ್ಬಿ ಬಂದವು, ಚೇರಮನ್ನರ ಕಡೆಯದೊಂದು, ಮಾಜಿ ಮೆಂಬರರ ಕಡೆಯದೊಂದು, ಎದುರುಬದರು. ಬನ್ನಿಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ ಹಿಡಿದು ಆರು ಮಂದಿ ಕೂತು ರಾತ್ರಿಯೆಲ್ಲ ಬಾಯಿ ಅಲ್ಲಾಡಿಸಿದರು. ಅವರು ಹಾಡಿದರು ಎನ್ನುವುದಕ್ಕೆ ನನ್ನ ಅಳಿಯನೊಬ್ಬನೇ ಸಾಕ್ಷಿ. ಅಜ್ಜನ ಬಾಯಿಯ ಹತ್ತಿರ ಕಿವಿಯಿಟ್ಟು ಕೂತಿದ್ದ.

ಮೊನ್ನೆ ಗುಡಿಯ ಗೋಡೆಗೆ ಜಮಾಖರ್ಚಿನ ಪಟ್ಟಿ ಅಂಟಿಸಿದ್ದಾರೆ. ಡಾಲ್ಬಿ ನಗ 2, ಡೀಸೆಲ್ ಸಹಿತ, ಮೊತ್ತ ನೋಡಿದರೆ ಒಂದು ಸೇತುವೆಗೆ ಕೈಹಿಡಿ ಹಾಕಿಸಬಹುದಿತ್ತು. ಮಂಟಪ, ಶಾಲು, ಫೇಟಾ, ಶ್ರೀಫಲ, ಸಾಹೇಬರ ಕುರ್ಚಿಗೆ ಬಿಳಿ ಬಟ್ಟೆ. ಎಲ್ಲಕ್ಕಿಂತ ಕೆಳಗೆ, ಸೆಕ್ರೆಟರಿಯವರ ಮುತ್ತಿನಂಥ ಅಕ್ಷರದಲ್ಲಿ: ಅಲ್ಟರ್ನೇಟಿವ್ ರಾಕ್, ಮಂದಿ 6, ಚಾ ಮತ್ತು ಚುರಮುರಿ, ರೂ. 240.